ಕೆಲಸದ ದೂಳು, ವಿಷ ಮನೆಯ ಹೊಸ್ತಿಲು ದಾಟದಂತೆ ನೋಡಿಕೊಳ್ಳುವ ಬಗೆ

ಕಲಬುರಗಿ ಜಿಲ್ಲೆಯ ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಫರಸಿ (ನೆಲಕ್ಕೆ ಹಾಸುವ ಕಲ್ಲು) ಗಣಿಗಳಲ್ಲಿಯೂ ಪಾಲಿಶ್ ಘಟಕಗಳಲ್ಲಿಯೂ ದುಡಿಯುವವರ ಕಣ್ಣರೆಪ್ಪೆಯವರೆಗೆ ಸಂಜೆಯ ಹೊತ್ತಿಗೆ ಬಿಳಿ ದೂಳು ಕೂತಿರುತ್ತದೆ. ಆದರೆ ಕಾಣುವ ಆ ದೂಳಿಗಿಂತ ಕಾಣದ ದೂಳೇ ಹೆಚ್ಚು ಅಪಾಯಕಾರಿ. ದಪ್ಪ ಕಣಗಳು ಮೂಗಿನಲ್ಲಿ, ಗಂಟಲಿನಲ್ಲಿ ಸಿಕ್ಕಿಕೊಂಡು ಕಫದೊಡನೆ ಹೊರಬೀಳುತ್ತವೆ. ನಾಲ್ಕೈದು ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಅಲ್ಲಿಯೇ ಉಳಿದುಬಿಡಬಲ್ಲವು. ಫರಸಿ ಸುಣ್ಣದ ಕಲ್ಲಾದ್ದರಿಂದ ಅದರಲ್ಲಿನ ಸಿಲಿಕಾ ಗ್ರಾನೈಟಿಗಿಂತ ಸಾಮಾನ್ಯವಾಗಿ ಕಡಿಮೆ. ಹಾಗೆಂದು ನೆಮ್ಮದಿಯಿಂದಿರುವಂತಿಲ್ಲ, ಇಂದು ಫರಸಿ ಕೊಯ್ದವರೇ ನಾಳೆ ಮನೆ ಕಟ್ಟುವಲ್ಲಿ ಗ್ರಾನೈಟ್ ಕೊಯ್ಯುತ್ತಾರೆ. ಸಿಲಿಕಾ ದೂಳಿನಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗವನ್ನು ಗುಣಪಡಿಸುವ ಔಷಧ ಇಲ್ಲ.

ಹೀಗಿರುವಾಗ ಮೊದಲು ಕೇಳಬೇಕಾದದ್ದು ಮಾಸ್ಕನ್ನಲ್ಲ, ನೀರನ್ನು. ಕಟರಿನ ಅಲಗು ಕಲ್ಲಿಗೆ ತಾಗುವ ಜಾಗದಲ್ಲಿಯೇ ನೀರು ಸಣ್ಣಗೆ ಸತತವಾಗಿ ಬೀಳುತ್ತಿದ್ದರೆ ದೂಳು ಗಾಳಿಗೇರುವ ಮೊದಲೇ ಕೆಸರಾಗಿ ಕೆಳಗಿಳಿಯುತ್ತದೆ. ಆ ಕೆಸರನ್ನು ಹಸಿಯಾಗಿದ್ದಾಗಲೇ ಬಳಿದು ತೆಗೆಯಬೇಕು. ನಮ್ಮ ಬಿಸಿಲಿಗೆ ಒಂದೆರಡು ತಾಸಿನಲ್ಲಿ ಒಣಗಿ ಅದು ಮತ್ತೆ ದೂಳೇ ಆಗುತ್ತದೆ. ಒಣ ನೆಲವನ್ನು ಹಾಗೆಯೇ ಗುಡಿಸದೆ ನೀರು ಚಿಮುಕಿಸಿ ಗುಡಿಸಬೇಕು. ಕಂಪ್ರೆಸರಿನ ಗಾಳಿಯಿಂದ ಮೈಮೇಲಿನ ಬಟ್ಟೆ ಝಾಡಿಸಿಕೊಳ್ಳುವ ರೂಢಿಯನ್ನು ಇಂದೇ ಬಿಡಬೇಕು. ನೀರು ಬಳಸಲಾಗದ ಕಡೆ ಬಯಲಿನಲ್ಲಿ, ಗಾಳಿ ಬೆನ್ನಿನ ಕಡೆಯಿಂದ ಅಥವಾ ಪಕ್ಕದಿಂದ ಬೀಸುವಂತೆ ನಿಂತು ಕೆಲಸ ಮಾಡುವುದು ಲೇಸು.

ಇಷ್ಟಾದ ಮೇಲೆ ಮಾಸ್ಕಿನ ಮಾತು. ಮುಖಕ್ಕೆ ಸುತ್ತಿದ ಟವೆಲು ದಪ್ಪ ದೂಳನ್ನಷ್ಟೇ ತಡೆಯುತ್ತದೆ. ಎನ್-95 ಮಾಸ್ಕು ಸಣ್ಣ ಕಣಗಳನ್ನು ಹಿಡಿಯುತ್ತದೆ. ಆದರೆ ಅದು ಮುಖಕ್ಕೆ ಬಿಗಿಯಾಗಿ ಕೂರಬೇಕು, ದಟ್ಟ ಗಡ್ಡವಿದ್ದರೆ ಅಂಚಿನಿಂದ ದೂಳು ಒಳನುಗ್ಗುತ್ತದೆ. 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲಿ ದಿನವಿಡೀ ಮಾಸ್ಕು ಧರಿಸಿ ದುಡಿಯಿರಿ ಎಂದು ಹೇಳುವುದು ಸುಲಭ, ಪಾಲಿಸುವುದು ಕಷ್ಟ. ಆದ್ದರಿಂದ ಹೆಚ್ಚು ದೂಳೇಳುವ ಕೆಲಸವನ್ನು ನಸುಕಿಗೆ ಇಟ್ಟುಕೊಳ್ಳುವಂತೆ ಮಾಲೀಕರನ್ನು ಒಟ್ಟಾಗಿ ಕೇಳಬೇಕು. ನೀರು, ಮಾಸ್ಕು ಒದಗಿಸುವುದು ಅವರ ಹೊಣೆಯೇ ಹೊರತು ಉಪಕಾರವಲ್ಲ.

ವಾರಗಟ್ಟಲೆ ಕೆಮ್ಮಿದ್ದರೆ, ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ವೈದ್ಯರಿಗೆ ರೋಗಲಕ್ಷಣದ ಜೊತೆಗೆ ಎಷ್ಟು ವರ್ಷದಿಂದ ಯಾವ ಕಲ್ಲಿನ ಕೆಲಸ ಮಾಡುತ್ತಿದ್ದೀರೆಂಬುದನ್ನೂ ತಪ್ಪದೆ ಹೇಳಬೇಕು. ಸಿಲಿಕೋಸಿಸ್ ಎಕ್ಸ್‌ರೇಯಲ್ಲಿ ಕ್ಷಯದಂತೆ ತೋರಬಹುದು. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಸಾಧ್ಯತೆಯೂ ಹೆಚ್ಚು. ಇಎಸ್‌ಐ ಚೀಟಿ ಇದ್ದವರು ಕಲಬುರಗಿಯ ಇಎಸ್‌ಐ ಆಸ್ಪತ್ರೆಗೆ ಹೋಗಬಹುದು.

ದೂಳು ಮನೆಗೆ ಬರುವುದು ಬಟ್ಟೆಯ ಮೂಲಕ. ನಾನು ಚಿಕ್ಕವನಿದ್ದಾಗ ಅಪ್ಪ ಕೆಲಸದಿಂದ ಬಂದು ಅಂಗಳದಲ್ಲಿ ಟವೆಲು ಝಾಡಿಸುವಾಗ ನಾವು ಮಕ್ಕಳು ಸುತ್ತ ನಿಂತಿರುತ್ತಿದ್ದೆವು. ಅದರಲ್ಲಿ ತಪ್ಪೇನಿದೆ ಎಂದು ನಮಗೆ ಹೇಳುವವರು ಇರಲಿಲ್ಲ. ಆ ಬಟ್ಟೆಗಳನ್ನು ಕೆಲಸದ ಜಾಗದಲ್ಲಿಯೇ ಬದಲಿಸಿ, ಚೀಲದಲ್ಲಿ ಕಟ್ಟಿ ತಂದು, ಝಾಡಿಸದೆ ನೇರವಾಗಿ ನೀರಿಗೆ ಹಾಕಿ ಬೇರೆಯಾಗಿ ಒಗೆಯಬೇಕು. ಮಗುವನ್ನು ಎತ್ತಿಕೊಳ್ಳುವುದು ಸ್ನಾನದ ನಂತರವೇ ಆಗಲಿ.

ತೊಗರಿಗೆ ಔಷಧ ಹೊಡೆಯುವವರಿಗೂ ಇದೇ ಕ್ರಮ ಅನ್ವಯಿಸುತ್ತದೆ. ಹೂವು, ಕಾಯಿ ಬಿಡುವ ಕಾಲಕ್ಕೆ ತೊಗರಿ ಎದೆಯೆತ್ತರ, ಕೆಲವೊಮ್ಮೆ ತಲೆಯೆತ್ತರ ಬೆಳೆದಿರುವುದರಿಂದ ಸಿಂಪಡಿಸಿದ್ದು ಮುಖದ ಮೇಲೆಯೇ ಬೀಳುತ್ತದೆ. ತುಂಬುತೋಳಿನ ಅಂಗಿ, ಕೈಗವಸು, ಕನ್ನಡಕ ಧರಿಸಿ, ಈಗಾಗಲೇ ಹೊಡೆದ ಗಿಡಗಳ ನಡುವೆ ಹಾಯದಂತೆ ಸಾಲು ಹಿಡಿದು ಸಾಗಬೇಕು. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡಿ ಖರೀದಿಸಿ: ಕೆಂಪು ಅತಿ ಹೆಚ್ಚು ವಿಷ, ನಂತರ ಹಳದಿ, ನೀಲಿ, ಕೊನೆಗೆ ಹಸಿರು. ಖಾಲಿ ಡಬ್ಬಿಯಲ್ಲಿ ನೀರನ್ನಾಗಲಿ ಎಣ್ಣೆಯನ್ನಾಗಲಿ ಎಂದಿಗೂ ತುಂಬಿಡಬಾರದು.

ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಹುಳು ಬೀಳದಂತೆ ತೊಗರಿ ಚೀಲಗಳ ನಡುವೆ ಇಡುವ ಗುಳಿಗೆ. ಅಲ್ಯುಮಿನಿಯಂ ಫಾಸ್ಫೈಡ್‌ನ ಈ ಗುಳಿಗೆ ಗಾಳಿಯ ತೇವಕ್ಕೇ ಫಾಸ್ಫೀನ್ ಎಂಬ ವಿಷಾನಿಲವನ್ನು ಬಿಡುತ್ತದೆ. ಆ ಅನಿಲಕ್ಕೆ ಪ್ರತಿವಿಷವಿಲ್ಲ. ಇದು ತರಬೇತಿ ಪಡೆದವರು ಮುಚ್ಚಿದ ಗೋದಾಮಿನಲ್ಲಿ ಬಳಸುವ ವಸ್ತು, ಜನ ಮಲಗುವ ಮನೆಯಲ್ಲಿ ಇಡುವಂಥದ್ದಲ್ಲ. ಮನೆಯ ಕಾಳನ್ನು ಚೆನ್ನಾಗಿ ಬಿಸಿಲಿಗೆ ಒಣಗಿಸಿ, ಗಾಳಿಯಾಡದ ಚೀಲದಲ್ಲಿ ಅಥವಾ ಡಬ್ಬಿಯಲ್ಲಿ ತುಂಬಿಡಿ. ಬೇಗ ಬಳಸುವುದನ್ನು ಬೇಳೆ ಮಾಡಿಸಿಟ್ಟರೆ ಹುಳುವಿನ ಕಾಟವೂ ಕಡಿಮೆ. ಎಲ್ಲಿಯಾದರೂ ಗುಳಿಗೆ ಇಟ್ಟಿರುವುದು ಗೊತ್ತಾದರೆ ಅದರ ಮೇಲೆ ನೀರು ಹಾಕಬೇಡಿ. ಕೋಣೆಯಲ್ಲಿ ಬೆಳ್ಳುಳ್ಳಿಯ ಅಥವಾ ಕೊಳೆತ ಮೀನಿನ ವಾಸನೆ ಬಂದರೆ ಎಲ್ಲರನ್ನೂ ತಕ್ಷಣ ಬಯಲಿಗೆ ಕರೆತನ್ನಿ, ಯಾರಿಗಾದರೂ ವಾಂತಿ, ಎದೆಬಿಗಿತ, ತಲೆಸುತ್ತು ಕಂಡರೆ 108ಕ್ಕೆ ಕರೆ ಮಾಡಿ, ಮನೆಯಲ್ಲಿ ಇಟ್ಟಿದ್ದು ಯಾವ ಗುಳಿಗೆ ಎಂಬುದನ್ನು ಮುಚ್ಚಿಡದೆ ವೈದ್ಯರಿಗೆ ತಿಳಿಸಿ.