ಅಜ್ಜಿ ಹುಟ್ಟಿದ್ದು ಯಾವಾಗ? ಹದಿಹರೆಯದವರನ್ನು ಮನೆತನದ ಹುಡುಕಾಟಕ್ಕೆ ಹಚ್ಚಿದ ಅನುಭವ

ಖಾಲಿ ವಂಶವೃಕ್ಷದ ಹಾಳೆಯನ್ನು ನಾನು ಮಕ್ಕಳ ಕೈಗೆ ಕೊಡುವುದೇ ಇಲ್ಲ. ಅದು ಅವರಿಗೆ ಇನ್ನೊಂದು ಹೋಂವರ್ಕ್. ಕೊಡುವುದು ಒಂದೇ ಪ್ರಶ್ನೆ: ಅಜ್ಜಿ ನಿಜವಾಗಿ ಹುಟ್ಟಿದ ದಿನ ಯಾವುದು?

ಆಧಾರ್‌ನಲ್ಲಿ ಎಷ್ಟೋ ಅಜ್ಜಿಯರದು ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದುಕೊಂಡದ್ದು. ಜಾತಕ ತೆಗೆಸಿದರೆ ‘ವಿಶ್ವಾವಸು ಸಂವತ್ಸರ, ಮಾಘ ಮಾಸ’ ಎಂದಿರುತ್ತದೆ ಎನ್ನಿ. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ. ವಿಶ್ವಾವಸು ಬಂದದ್ದು 1905, 1965, 2025ರಲ್ಲಿ. ಹುಡುಗರು ತಟ್ಟನೆ 1965 ಎಂದು ಬರೆದುಬಿಡುತ್ತಾರೆ. ತಪ್ಪುವುದು ಅಲ್ಲೇ. ಸಂವತ್ಸರ ಶುರುವಾಗುವುದು ಯುಗಾದಿಗೆ, ಮಾಘ ಅದರ ಹನ್ನೊಂದನೆಯ ತಿಂಗಳು; ಹಾಗಾಗಿ ಅದು ಬೀಳುವುದು 1966ರಲ್ಲಿ. ಈ ಲೆಕ್ಕ ಒಮ್ಮೆ ತಲೆಗೆ ಹತ್ತಿತೆಂದರೆ ಮನೆಯ ಉಳಿದ ಜಾತಕಗಳನ್ನು ಅವರೇ ಕೇಳಿ ತರುತ್ತಾರೆ.

ಜಾತಕ ಇಲ್ಲದ ಮನೆಗಳೇ ಹೆಚ್ಚು. ಅಲ್ಲಿ ಊರಿನ ನೆನಪೇ ಪಂಚಾಂಗ: ಬೀದರ್, ಕಲಬುರಗಿ ಕಡೆ 1948ರ ರಜಾಕಾರರ (ನಿಜಾಮನ ಪರ ನಿಂತ ಖಾಸಗಿ ಪಡೆ) ಹಾವಳಿ, ಶರಾವತಿ ಕಣಿವೆಯಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆ. ‘ನಿಮ್ಮ ಬಾಲ್ಯದ ಬಗ್ಗೆ ಹೇಳಿ’ ಎಂದರೆ ಹಿರಿಯರು ‘ಏನಿದೆ ಹೇಳಲಿಕ್ಕೆ’ ಎಂದು ಸುಮ್ಮನಾಗುತ್ತಾರೆ. ‘ಮನೆಗೆ ಕರೆಂಟ್ ಬಂದಾಗ ತಮ್ಮ ಹುಟ್ಟಿದ್ದನಾ?’ ಎಂದು ಕೇಳಬೇಕು. ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಫ್ಯಾನ್ ಆರಿಸಿ, ಮಾತಾಡುವವರಿಂದ ಒಂದು ಗೇಣು ದೂರದಲ್ಲಿಟ್ಟು ರೆಕಾರ್ಡ್ ಮಾಡಿಸುತ್ತೇನೆ. 25 ನಿಮಿಷ ಸಾಕು; ಆಮೇಲೆ ಇಬ್ಬರಿಗೂ ದಣಿವು.

ಮುಂದಿನದು ಲಗ್ನಪತ್ರಿಕೆ. ‘ಪೌತ್ರ’ (ಮಗನ ಮಗ), ‘ದೌಹಿತ್ರಿ’ (ಮಗಳ ಮಗಳು) ಎಂಬ ಎರಡು ಪದ ಗೊತ್ತಿದ್ದರೆ ಒಂದೇ ಕಾಗದದಲ್ಲಿ ಮೂರು ತಲೆಮಾರು ಸಿಗುತ್ತದೆ. ಹೆಣ್ಣುಮಕ್ಕಳ ತವರಿನ ಕೊಂಡಿ ಉಳಿದಿರುವುದೂ ಹೆಚ್ಚಾಗಿ ಇಲ್ಲೇ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ಮನೆಗಳಲ್ಲಿ ಎಚ್ಚರ ಬೇಕು; ಪ್ರತಿ ಹೆಸರಿನ ಜೊತೆ ತಂದೆಯ ಹೆಸರು ಬರೆಯದಿದ್ದರೆ ಇಬ್ಬರು ಒಬ್ಬರಾಗಿಬಿಡುತ್ತಾರೆ.

ಪಹಣಿ (ಜಮೀನಿನ ದಾಖಲೆ), ಮ್ಯುಟೇಷನ್ (ಜಮೀನು ಒಬ್ಬರಿಂದ ಇನ್ನೊಬ್ಬರ ಹೆಸರಿಗೆ ಬದಲಾದ ದಾಖಲೆ) ಕಾಗದಗಳನ್ನು ಹದಿನೆಂಟು ದಾಟಿದವರಿಗೆ ಮಾತ್ರ ಕೊಡುತ್ತೇನೆ. ಹೋಬಳಿ, ಗ್ರಾಮ, ಸರ್ವೆ ನಂಬರ್ ಇದ್ದರೆ ಸರ್ಕಾರದ ಭೂದಾಖಲೆ ಜಾಲತಾಣ ‘ಭೂಮಿ’ಯಲ್ಲಿ ಹುಡುಕಬಹುದು. ಈ ಕಾಗದಗಳಲ್ಲಿ ‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಹೆಂಡತಿ. 42 ಎಂಬ ನಂಬರ್ 42/1, 42/2 ಆಗಿದ್ದರೆ ಅದು ಅಣ್ಣತಮ್ಮಂದಿರ ಪಾಲಿನ ಗುರುತಾಗಿರಬಹುದು. ಮಾರಾಟಕ್ಕೂ ನಂಬರ್ ಒಡೆಯುವುದರಿಂದ ಮ್ಯುಟೇಷನ್ ನೋಡದೆ ನಂಬಬಾರದು. ಕಾಗದ ಕೇಳುವ ಮೊದಲೇ ಹಿರಿಯರಿಗೆ ಉದ್ದೇಶ ತಿಳಿಸಬೇಕು. ಇಲ್ಲವಾದರೆ ‘ಪಾಲು ಕೇಳಲು ಬಂದರು’ ಎಂಬ ಅನುಮಾನ ಹುಟ್ಟಿ, ಅಲ್ಲಿಯವರೆಗೆ ಬಿಚ್ಚಿದ ಬಾಯೂ ಮುಚ್ಚಿಹೋಗುತ್ತದೆ.

ಬೆಳಗಾವಿ, ಧಾರವಾಡದ ಕಡೆ ಹಳೆಯ ಕಾಗದ ಮೋಡಿ ಲಿಪಿಯಲ್ಲಿರಬಹುದು (ಮರಾಠಿ ಬರೆಯಲು ಬಳಸುತ್ತಿದ್ದ ಹಳೆಯ ಕೂಡುಬರಹ), ಕಲಬುರಗಿಯ ಕಡೆ ಉರ್ದುವಿನಲ್ಲಿ. ಓದಬಲ್ಲ ಹಿರಿಯರೊಬ್ಬರು ಊರಿನಲ್ಲಿದ್ದರೆ ಉಳಿದೆಲ್ಲ ಬಿಟ್ಟು ಮೊದಲು ಅವರ ಮುಂದೆ ಕೂರಿಸುತ್ತೇನೆ; ಪಹಣಿಯನ್ನು ಮುಂದಿನ ವರ್ಷವೂ ತೆಗೆಯಬಹುದು.