ತೋಡಿನ ಜಾಡು ಹಿಡಿದು ನಮ್ಮ ವಾರ್ಡ್ ಯೋಜನೆ

ಮಂಗಳೂರಿನಲ್ಲಿ ವಾರ್ಡ್ ಸಮಿತಿಗಳು ಶುರುವಾದಾಗ ನಾನೂ ಒಂದರ ಸದಸ್ಯನಾದೆ. ಸಮಿತಿಯಲ್ಲಿ 10 ಜನ, ಕಾರ್ಪೊರೇಟರ್ ಅಧ್ಯಕ್ಷರು. ಜನರ ಬೇಡಿಕೆ ಜಾಸ್ತಿ ರಸ್ತೆ ಕಾಂಕ್ರೀಟಿನದ್ದೇ. ನಾನು ಮಾತ್ರ ಮೊದಲು ತೋಡುಗಳ, ಅಂದರೆ ಮಳೆನೀರು ಹರಿಯುವ ಸಣ್ಣ ಹಳ್ಳಗಳ, ನಕ್ಷೆ ಮಾಡೋಣ ಎಂದೆ.

ನಮ್ಮದು ಗುಡ್ಡಗಳ, ಅವುಗಳ ನಡುವಿನ ತಗ್ಗು ಬೈಲುಗಳ ಊರು. ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಗುಡ್ಡದ ಮೇಲೆ ಅಪಾರ್ಟ್‌ಮೆಂಟ್ ಎದ್ದು ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕಿದರೆ ನೀರು ಇಂಗುವುದೆಲ್ಲಿ? ಒಂದೇ ಸಲ ಬೈಲಿಗೆ ನುಗ್ಗುತ್ತದೆ. 2018ರ ಮೇ 29ರ ಮಳೆಗೆ ನಗರದ ಕೊಟ್ಟಾರ ಚೌಕಿಯಲ್ಲಿ ನೆರೆ ಬಂದಾಗ ಕಂಡದ್ದು ಇದೇ ಅಲ್ವಾ?

ಕಂದಾಯ ಇಲಾಖೆಯ ಗ್ರಾಮ ನಕ್ಷೆ ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೆ ತೋಡಿನ ಜೊತೆ ನಡೆದೆವು. ನಿಂತ ಜಾಗದ ಸರ್ವೆ ನಂಬರು ಫೋನಿನ ದಿಶಾಂಕ್ ಆ್ಯಪ್‌ನಲ್ಲಿ ಸಿಗುತ್ತದೆ. ನಕ್ಷೆಯಲ್ಲಿ ಅಗಲವಾಗಿದ್ದ ತೋಡು ಕೆಲವು ಕಡೆ ಎರಡು ಕಂಪೌಂಡುಗಳ ನಡುವೆ ಸಿಕ್ಕಿ ಸಣ್ಣ ಚರಂಡಿಯಾಗಿತ್ತು. ತೋಡು ರಸ್ತೆಯಡಿ ದಾಟುವ ಪ್ರತಿ ಮೋರಿಯ ಅಗಲ, ಎತ್ತರ ಟೇಪ್ ಹಿಡಿದು ಬರೆದುಕೊಂಡೆವು. ಮುಖ್ಯ ವಿಷಯ ಗೊತ್ತಾದದ್ದು ಅಲ್ಲೇ. ಮೋರಿಯ ಬಾಯಿಗೆ ಅಡ್ಡವಾಗಿ ನೀರಿನ ಪೈಪು, ಕೇಬಲ್ಲು ಎಳೆದಿದ್ದರು. ಅದಕ್ಕೆ ಪ್ಲಾಸ್ಟಿಕ್, ತೆಂಗಿನ ಗರಿ ಸಿಕ್ಕಿಕೊಂಡರೆ ಸಾಕು, ಹಿಂದಿನ ಮನೆಗಳಿಗೆ ನೀರು. ಹೊಸ ಮೋರಿ ಕಟ್ಟುವುದಕ್ಕಿಂತ ಪೈಪು ಎತ್ತರಿಸುವುದು ಎಷ್ಟೋ ಅಗ್ಗ.

ನೀರು ಎಲ್ಲಿವರೆಗೆ ಏರಿತ್ತು ಎಂದು ತೋಡಿನ ಪಕ್ಕದ ಹಳೆಯ ಮನೆಯವರನ್ನು ಕೇಳಿದೆವು. ಗೋಡೆಯ ಮೇಲಿನ ಗುರುತನ್ನೇ ತೋರಿಸಿದರು. ಅವರಲ್ಲಿ ಒಬ್ಬರು ಅಜ್ಜಿ, "ಹೊಳೆಯಲ್ಲಿ ಭರತ ಇದ್ದಾಗ ಮಳೆ ಬಂದರೆ ಮಾತ್ರ ಹೆದರಿಕೆ ಮಾರಾಯ್ರೆ" ಎಂದರು. ಭರತ ಅಂದರೆ ಸಮುದ್ರದ ಉಬ್ಬರ. ಆಮೇಲೆ ಉಬ್ಬರದ ಸಮಯವನ್ನೂ ನಮ್ಮ ಪಟ್ಟಿಗೆ ಸೇರಿಸಿದೆವು. ನೇತ್ರಾವತಿ, ಫಲ್ಗುಣಿ ಎರಡೂ ಸಮುದ್ರ ಸೇರುವುದು ಇಲ್ಲೇ. ಉಬ್ಬರದ ಹೊತ್ತಿಗೆ ತೋಡಿನ ನೀರು ಹೊರಹೋಗಲಾರದೆ ನಿಲ್ಲುತ್ತದೆ. ತಗ್ಗಿನಲ್ಲಿ ತೋಡು ಅಗಲ ಮಾಡಿದರಷ್ಟೇ ಸಾಲದು, ಗುಡ್ಡದಲ್ಲೇ ನೀರನ್ನು ತಡೆದು ಇಂಗಿಸಬೇಕು.

ಸಭೆಯಲ್ಲಿ ಫೋಟೋ, ಅಳತೆ, ಸರ್ವೆ ನಂಬರು ಮೂರನ್ನೂ ಒಂದೇ ಹಾಳೆಯಲ್ಲಿ ಕೊಟ್ಟೆವು. ಬರೀ ದೂರು ಕೊಟ್ಟರೆ ಉತ್ತರ ಬರುವುದು ನಿಧಾನ. ಎಂಜಿನಿಯರ್ ಈ ಹಾಳೆ ನೋಡಿ ಸ್ಥಳಕ್ಕೆ ಬಂದರು. ಕೆಲವು ಪೈಪುಗಳು ಮೇಲೆದ್ದವು, ಹೂಳೆತ್ತುವ ಕೆಲಸ ಮಳೆಗೆ ಮೊದಲೇ ಮುಗಿಯಿತು. ತೆಗೆದ ಹೂಳನ್ನು ದಡದಲ್ಲೇ ರಾಶಿ ಹಾಕಬಾರದು, ಕೂಡಲೇ ಟಿಪ್ಪರಿನಲ್ಲಿ ಸಾಗಿಸಬೇಕು ಎಂದು ಹಠ ಹಿಡಿದೆವು. ಇಲ್ಲದಿದ್ದರೆ ಮೊದಲ ಮಳೆಗೇ ಅದೆಲ್ಲ ವಾಪಸ್ ತೋಡಿಗೆ.

ಒತ್ತುವರಿ ತೆರವು ನಮ್ಮ ಕೈಯಲ್ಲಿ ಆಗಲಿಲ್ಲ. ಅದು ನಗರಮಟ್ಟದ ನಿಯಮದಿಂದಲೇ ಆಗಬೇಕು. ಕಟ್ಟಡದ ಲೈಸೆನ್ಸಿಗೆ ಕೊಡುವ ಪ್ಲಾನಿನಲ್ಲಿ ಪಕ್ಕದ ತೋಡು, ಅದರ ಮೂಲ ಅಗಲ, ನೀರು ಹೋಗಿ ಸೇರುವ ಮೋರಿ ಇಷ್ಟನ್ನೂ ಕಡ್ಡಾಯವಾಗಿ ತೋರಿಸಬೇಕು. ಆ ಮೋರಿಗೆ ಹೆಚ್ಚುವರಿ ನೀರು ತಾಳುವ ಶಕ್ತಿ ಇಲ್ಲದಿದ್ದರೆ, ಜಾಗದೊಳಗೇ ಇಂಗುಗುಂಡಿ ಆಗುವವರೆಗೆ ಲೈಸೆನ್ಸ್ ಕೊಡಬಾರದು.