ಡೈರಿ ದಾರಿಯ ತಿರುವಿನಲ್ಲಿ ಹೊರಡುವ ಮಳೆ ಲೆಕ್ಕ

ನಮ್ಮದು ತೀರ್ಥಹಳ್ಳಿ ಕಡೆ. ಮಳೆಗಾಲದಲ್ಲಿ ನಮ್ಮ ತೋಟದವರು ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆದು ಬರೆದಿಡುತ್ತಾರೆ. ಅಡಿಕೆಗೆ ಕೊಳೆ ಮದ್ದು ಯಾವಾಗ ಹೊಡೆಯಬೇಕು ಅಂತ ಯೋಚಿಸಲು ಆ ಲೆಕ್ಕ ಬೇಕೇ ಬೇಕು. ಸುತ್ತಲಿನ ತೋಟಗಳ ಅಂಕಿ ಒಂದೇ ಕಡೆ ಸಿಗಲಿ ಅಂತ ನಾನೊಂದು ಆಂಡ್ರಾಯ್ಡ್ ಆ್ಯಪ್ ಮಾಡಿದೆ. ಪರದೆ ಎರಡು ದಿನದಲ್ಲಿ ಮುಗಿಯಿತು. ಕಣ್ಣಿಗೆ ಕಾಣದ ಭಾಗಕ್ಕೆ ಇಡೀ ಮಳೆಗಾಲ ಹಿಡಿಯಿತು.

ತೋಟದಲ್ಲಿ ಸಿಗ್ನಲ್ ಇಲ್ಲ. ಮೊದಲು ಸದಾ ಓಡುವ ಒಂದು ಸರ್ವಿಸ್ (ಪರದೆಯ ಹಿಂದೆ ಓಡುವ ಕೋಡ್) ಬರೆದೆ. ನೆಟ್‌ವರ್ಕ್ ಬಂತಾ ಅಂತ ಅದು ನಿಮಿಷಕ್ಕೊಮ್ಮೆ ನೋಡಬೇಕಿತ್ತು. ಆಂಡ್ರಾಯ್ಡ್ 8ರಿಂದ ಈಚೆಗೆ ಅದು ನಡೆಯೋದಿಲ್ಲ. ಆ್ಯಪ್‌ನಿಂದ ಹೊರಬಂದ ಕೆಲವೇ ನಿಮಿಷಕ್ಕೆ ಫೋನ್ ಅದನ್ನು ನಿಲ್ಲಿಸಿಬಿಡುತ್ತದೆ. ಬಳಸುವವರಿಗೆ ಗೊತ್ತಾಗುವಂತೆ ಓಡುವ ಫೋರ್‌ಗ್ರೌಂಡ್ ಸರ್ವಿಸ್ ಆದರೆ ನೋಟಿಫಿಕೇಶನ್ ಕೊಡಲೇಬೇಕು. ದಿನಕ್ಕೊಂದು ಅಂಕಿ ಕಳಿಸಲು ಅಷ್ಟೆಲ್ಲ ಯಾಕೆ, ಅಲ್ವಾ?

ಆಮೇಲೆ ವರ್ಕ್‌ಮ್ಯಾನೇಜರ್ ಹಿಡಿದೆ. ಷರತ್ತು ಕೂಡಿ ಬಂದಾಗ ಕೆಲಸ ಮಾಡಿಸುವ ಆಂಡ್ರಾಯ್ಡ್ ಸಲಕರಣೆ ಅದು. ಅಂಕಿ ಮೊದಲು ಫೋನಿನ ಡೇಟಾಬೇಸ್‌ಗೆ ಹೋಗಿ ಕೂರುತ್ತದೆ. ನೆಟ್‌ವರ್ಕ್ ಇದ್ದಾಗ ಮಾತ್ರ ಕಳಿಸು ಅಂತ ಷರತ್ತು ಹಾಕಿ ಕೆಲಸ ಒಪ್ಪಿಸಿದರೆ ಕಾಯುವ ಹೊಣೆ ಆಂಡ್ರಾಯ್ಡ್‌ದು. ಕರೆಂಟಿಲ್ಲದೆ ಫೋನ್ ಸತ್ತು ಮತ್ತೆ ಆನ್ ಆದರೂ ಆ ಕೆಲಸ ಅಳಿಯೋದಿಲ್ಲ.

ಜುಲೈಯಲ್ಲಿ ಒಂದು ದಿನ ಚಿಕ್ಕಪ್ಪ ಮನೆಗೇ ಬಂದರು. "ಎಂತ ಮಾರಾಯ, ನಮ್ಮಲ್ಲಿ ಬಂದದ್ದು 96 ಮಿ.ಮೀ. ನಿನ್ನ ಪಟ್ಟಿಯಲ್ಲಿ 192 ಉಂಟಲ್ಲ!"

ಕೂತು ಲಾಗ್ (ಏನೇನು ನಡೆಯಿತು ಅನ್ನುವ ದಾಖಲೆ) ನೋಡಿದೆ. ಅವರು ಸಿಗ್ನಲ್‌ಗಾಗಿ ಗುಡ್ಡ ಹತ್ತಿದ್ದರು. ಅಂಕಿ ಸರ್ವರ್, ಅಂದರೆ ಎಲ್ಲರ ಅಂಕಿ ಸೇರುವ ಕಂಪ್ಯೂಟರ್, ಮುಟ್ಟಿತ್ತು. 'ಸಿಕ್ಕಿತು' ಅನ್ನುವ ಉತ್ತರ ವಾಪಸ್ ಬರುವಷ್ಟರಲ್ಲಿ ಅವರು ಇಳಿದಿದ್ದರು, ಸಿಗ್ನಲ್ ಹೋಗಿತ್ತು. ಉತ್ತರ ಬರಲಿಲ್ಲ ಅಂತ ನನ್ನ ಕೋಡ್ ಆಮೇಲೆ ಅದನ್ನೇ ಇನ್ನೊಮ್ಮೆ ಕಳಿಸಿತ್ತು. ಸರ್ವರ್ ಎರಡನ್ನೂ ಕೂಡಿಸಿತ್ತು. ಆ ಲೆಕ್ಕ ನಂಬಿ ಯಾರಾದರೂ ಮದ್ದಿನ ದಿನ ಬದಲಿಸಿದ್ದರೆ ಅಂತ ನೆನೆದು ರಾತ್ರಿ ನಿದ್ದೆ ಬರಲಿಲ್ಲ.

ಮರುದಿನವೇ ಸರಿ ಮಾಡಿದೆ. ಈಗ ಅಂಕಿ ಉಳಿಸುವ ಕ್ಷಣದಲ್ಲೇ ಫೋನ್ ಅದಕ್ಕೊಂದು ಗುರುತಿನ ಸಂಖ್ಯೆ ಹಚ್ಚುತ್ತದೆ. ಎಷ್ಟು ಸಲ ಕಳಿಸಿದರೂ ಸಂಖ್ಯೆ ಅದೇ. ಅದು ಮೊದಲೇ ಬಂದಿದ್ದರೆ ಸರ್ವರ್ ಹೊಸದಾಗಿ ಬರೆಯೋದಿಲ್ಲ, 'ಸಿಕ್ಕಿತು' ಅಂತಷ್ಟೇ ಹೇಳುತ್ತದೆ. ಇಂಥ ಕೆಲಸ ಮಾಡುವವರು ಇದನ್ನು ಮೊದಲ ದಿನವೇ ಹಾಕಿ. ಸುಮ್ನೆ ಮನೆಯ ವೈಫೈಯಲ್ಲಿ ಪರೀಕ್ಷೆ ಮಾಡಿದರೆ ಈ ತಪ್ಪು ಕಾಣೋದೇ ಇಲ್ಲ. ಕಳಿಸುವ ಹೊತ್ತಿಗೇ ನೆಟ್ ಕಿತ್ತು ನೋಡಬೇಕು.

ಈಗ ಚಿಕ್ಕಪ್ಪ ಅಂಗಳದಲ್ಲೇ ಅಂಕಿ ಬರೆದು, ಫೋನ್ ಜೇಬಿಗಿಟ್ಟು, ಹಾಲಿನ ಕ್ಯಾನ್ ಹಿಡಿದು ಡೈರಿಗೆ ಹೊರಡುತ್ತಾರೆ. ದಾರಿಯ ತಿರುವಿನಲ್ಲಿ ಸಿಗ್ನಲ್ ಇದೆ. ಅವರು ಡೈರಿ ಮುಟ್ಟುವಷ್ಟರಲ್ಲಿ ಅವರ ತೋಟದ ಸಾಲು ಪಟ್ಟಿಯಲ್ಲಿ ಬಂದಿರುತ್ತದೆ, ಒಂದೇ ಸಲ.